ಶಿವರಾತ್ರಿಗೂ ಹೋಗದ ಚಳಿ

ಕೆನಡಾದ ವಿನಿಪೆಗ್‌ನಲ್ಲಿ ಚಳಿಗಾಲದ ಕೆಲಸ ಅಕ್ಟೋಬರ್‌ನಲ್ಲೇ ಶುರು. ಆಗಿನ್ನೂ ಮರಗಳಲ್ಲಿ ಹಳದಿ ಎಲೆ ಇರುತ್ತದೆ. ಮಧ್ಯಾಹ್ನ ಬರೀ ಸ್ವೆಟರ್ ಹಾಕಿಕೊಂಡು ಓಡಾಡಬಹುದು. ಆದರೆ ಇಲ್ಲಿ ಹಳಬರಾದವರು ಯಾರೂ ಆ ಬಿಸಿಲನ್ನು ನಂಬುವುದಿಲ್ಲ. ಅಂಗಳದ ನಲ್ಲಿಯನ್ನು ಒಳಗಿನಿಂದ ಬಂದ್ ಮಾಡಿ, ಪೈಪಿನಲ್ಲಿ ಉಳಿದ ನೀರನ್ನೆಲ್ಲ ಹರಿಸಿಬಿಡಬೇಕು. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಮನೆ ಬಿಸಿ ಮಾಡುವ ಫರ್ನೇಸ್‌ಗೆ ಹೊಸ ಫಿಲ್ಟರ್ ಹಾಕಬೇಕು. ಹಿಮ ತೆಗೆಯುವ ಸಲಿಕೆ, ಮೆಟ್ಟಿಲಿಗೆ ಹಾಕುವ ಉಪ್ಪು ತಂದಿಡಬೇಕು. ಕಾರಿಗೆ ವಿಂಟರ್ ಟೈರ್ ಹಾಕಿಸಲು ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಮೊದಲ ಹಿಮ ಬಿದ್ದ ಮೇಲೆ ಗ್ಯಾರೇಜಿಗೆ ಫೋನ್ ಮಾಡಿದರೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಮಳೆಗಾಲಕ್ಕೆ ಹೀಗೇ ತಯಾರಾಗುತ್ತಾರೆ. ಮೇ ಮುಗಿಯುವುದರೊಳಗೆ ಸೌದೆ ಒಟ್ಟಿ ಆಗಬೇಕು, ಹಪ್ಪಳ ಸಂಡಿಗೆ ಒಣಗಿ ಡಬ್ಬಿ ಸೇರಬೇಕು, ಮಾವಿನಮಿಡಿ ಭರಣಿಗೆ ಬೀಳಬೇಕು, ಮಾಡಿನ ಒಡೆದ ಹಂಚು ಬದಲಾಯಿಸಬೇಕು. ಆಮೇಲೆ ನಾಲ್ಕು ತಿಂಗಳು ಎಷ್ಟು ಬೇಕಾದರೂ ಸುರಿಯಲಿ. ಮಳೆ ಯಾವಾಗ ನಿಲ್ಲುತ್ತದೆ ಎಂದು ಜೂನ್‌ನಲ್ಲಿ ಯಾರೂ ಕೇಳುವುದಿಲ್ಲ. ಈ ಊರಿನ ಚಳಿಗಾಲ ನನಗೆ ಒಗ್ಗಿದ್ದು ಅದನ್ನೂ ಮಳೆಗಾಲದ ಹಾಗೆ ನೋಡಲು ಶುರು ಮಾಡಿದ ಮೇಲೆ.

ಚಳಿ ಎಷ್ಟು ಜೋರು ಅನ್ನುವುದಕ್ಕಿಂತ ಎಷ್ಟು ಉದ್ದ ಅನ್ನುವುದೇ ಇಲ್ಲಿ ಕಷ್ಟ. ಮೈನಸ್ 30ಕ್ಕೆ ಬಟ್ಟೆ ಸಿಗುತ್ತದೆ. ಐದು ತಿಂಗಳಿಗೆ ಯಾವ ಅಂಗಡಿಯಲ್ಲೂ ಬಟ್ಟೆ ಸಿಗುವುದಿಲ್ಲ. ನವೆಂಬರ್ ಮಧ್ಯದಲ್ಲಿ ನೆಲ ಮುಚ್ಚಿದ ಹಿಮ ಸಾಮಾನ್ಯವಾಗಿ ಮಾರ್ಚ್ ಕೊನೆಯ ತನಕ ಅಲ್ಲೇ ಇರುತ್ತದೆ. ಕೆಲವು ವರ್ಷ ಈ ಕಡೆಗೂ ಆ ಕಡೆಗೂ ಇನ್ನಷ್ಟು ಎಳೆಯುತ್ತದೆ. 2019ರ ಅಕ್ಟೋಬರ್ ಎರಡನೇ ವಾರದಲ್ಲಿ ಒದ್ದೆ ಹಿಮ ಸುರಿದು, ಇನ್ನೂ ಎಲೆ ಉದುರಿಸದ ಮರಗಳು ಭಾರ ತಾಳದೆ ಊರೆಲ್ಲ ಮುರಿದು ಬಿದ್ದವು. ಕರೆಂಟ್ ಹೋಯಿತು, ಪ್ರಾಂತ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. 2022ರಲ್ಲಿ ಯುಗಾದಿ ಮುಗಿದ ಮೇಲೆ, ಏಪ್ರಿಲ್ ಮಧ್ಯದಲ್ಲಿ, ಶಾಲೆಗಳನ್ನು ಮುಚ್ಚುವಂಥ ಹಿಮ ಬಿರುಗಾಳಿ ಬಂತು.

ವಿನಿಪೆಗ್ ಇರುವುದು ಕೆನಡಾದ ನಡುವಿನ ಬಯಲಿನಲ್ಲಿ. ಚಳಿಯನ್ನು ತಗ್ಗಿಸಲು ಹತ್ತಿರದಲ್ಲಿ ಸಮುದ್ರ ಇಲ್ಲ. ಉತ್ತರದಿಂದ ಬರುವ ಗಾಳಿಯನ್ನು ತಡೆಯಲು ಒಂದು ಗುಡ್ಡ ಕೂಡ ಇಲ್ಲ. ಜನವರಿಯಲ್ಲಿ ರಾತ್ರಿಯ ಸರಾಸರಿ ಮೈನಸ್ 21ರ ಹತ್ತಿರ, ಹಗಲಿನದು ಮೈನಸ್ 11. ಸರಾಸರಿ ಅಂದರೆ ಅದಕ್ಕಿಂತ ಕೆಳಗೆ ಹೋಗುವ ದಿನಗಳು ಬೇಕಾದಷ್ಟಿವೆ. ಇಲ್ಲಿ ಅಳೆದಿರುವ ಅತಿ ಹೆಚ್ಚಿನ ಚಳಿ ಮೈನಸ್ 47.8. ಅದು 1879ರ ಡಿಸೆಂಬರ್ 24ರಂದು. 2019ರ ಜನವರಿ ಕೊನೆಯಲ್ಲಿ ಗಾಳಿಯನ್ನೂ ಸೇರಿಸಿದರೆ ಮೈನಸ್ 50ರ ಆಸುಪಾಸಿನಲ್ಲಿತ್ತು.

ಊರಿಗೆ ಫೋನ್ ಮಾಡಿ ಇದನ್ನು ಹೇಳಿದರೆ ಅಮ್ಮ ಗಾಬರಿಯಾಗುತ್ತಾಳೆ. “ಹೊರಗೆ ಕಾಲಿಡಬೇಡ ಮಾರಾಯ್ತಿ, ಬಾಗಿಲು ಹಾಕ್ಕೊಂಡು ಒಳಗೇ ಇರು” ಅನ್ನುತ್ತಾಳೆ. ಆಮೇಲೆ ವಿಡಿಯೋದಲ್ಲಿ ಕಿಟಕಿ ತೋರಿಸಿದರೆ, “ಅಯ್ಯೋ, ಇಷ್ಟು ಬಿಸಿಲಿದೆಯಲ್ಲೇ!” ಎಂದು ಆಶ್ಚರ್ಯಪಡುತ್ತಾಳೆ. ಬಿಸಿಲು ಇರುವುದು ನಿಜ. ನೀಲಿ ಆಕಾಶ, ಕಣ್ಣು ಕೋರೈಸುವ ಹಿಮ. ಆದರೆ ಇಲ್ಲಿ ಬಿಸಿಲು ಚೆನ್ನಾಗಿದ್ದಷ್ಟೂ ಚಳಿ ಜಾಸ್ತಿ. ಮೋಡ ಇದ್ದರೆ ನೆಲದ ಬಿಸಿ ಸ್ವಲ್ಪವಾದರೂ ಉಳಿಯುತ್ತದೆ. ಆಕಾಶ ತಿಳಿಯಾದರೆ ಅದೆಲ್ಲ ಮೇಲಕ್ಕೆ ಹಾರಿಹೋಗುತ್ತದೆ. ಹಾಗಾಗಿ ನಾವು ಬೆಳಿಗ್ಗೆ ಎದ್ದು ಕಿಟಕಿ ನೋಡಿ ಬಟ್ಟೆ ಹಾಕುವುದಿಲ್ಲ, ಫೋನಿನಲ್ಲಿ ವಿಂಡ್‌ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ತಾಗುವ ಚಳಿ, ಎಷ್ಟು ಎಂದು ನೋಡಿ ಹಾಕುತ್ತೇವೆ. ಗಾಳಿ ಸೇರಿ ಮೈನಸ್ 28 ದಾಟಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ಕ್ಕೆ ಹೋದರೆ 5ರಿಂದ 10 ನಿಮಿಷ ಸಾಕು. ಕಿವಿ, ಮೂಗಿನ ತುದಿ, ಕೆನ್ನೆ, ಬೆರಳಿನ ತುದಿ, ಇವುಗಳಿಗೇ ಮೊದಲ ಪೆಟ್ಟು. ಮೊದಲು ಚುಚ್ಚಿದ ಹಾಗೆ ನೋವು. ಆಮೇಲೆ ನೋವು ನಿಲ್ಲುತ್ತದೆ. ಹೆದರಬೇಕಾದ್ದು ನೋವು ನಿಂತಾಗ. ಮಕ್ಕಳಿಗೆ ಇದನ್ನು ಹೇಳಿಕೊಡಲೇಬೇಕು.

ಬಟ್ಟೆಯ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಪಕ್ಕದ ಬೀದಿಯ ಒಬ್ಬ ಅಕ್ಕ. ಹಾಸನದ ಕಡೆಯವರು, ಇಲ್ಲಿಗೆ ಬಂದು ಎರಡು ದಶಕದ ಮೇಲಾಗಿದೆ. ನಾವು ಬಂದ ವರ್ಷ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ, “ಜಾಕೆಟ್ ಆಮೇಲೆ ನೋಡೋಣ, ಮೊದ್ಲು ಬೂಟು ತಗೋ” ಅಂದರು. “ಒಂದು ಸೈಜು ದೊಡ್ಡದು ತಗೋ ಕಣೇ. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು. ಬಿಗಿ ಬೂಟಲ್ಲಿ ರಕ್ತ ಓಡಲ್ಲ, ಕಾಲು ಮರಗಟ್ಟುತ್ತೆ.” ಅವರು ಹೇಳಿದ ಇನ್ನೊಂದು ಮಾತು ಹತ್ತಿ ಬಟ್ಟೆಯ ಬಗ್ಗೆ. ಮೈಗೆ ತಾಗುವ ಒಳಪದರ ಹತ್ತಿಯದಾಗಿರಬಾರದು. ಹತ್ತಿ ಬಟ್ಟೆಯಲ್ಲೇ ಬೆಳೆದ ನಮಗೆ ಇದನ್ನು ಒಪ್ಪಲು ಮನಸ್ಸು ಬರುವುದಿಲ್ಲ. ಆದರೆ ಹತ್ತಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಆ ಒದ್ದೆ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಳಗೆ ತೆಳು ಉಣ್ಣೆ ಅಥವಾ ಬೆವರು ಹೊರಗೆ ದಾಟಿಸುವ ಥರ್ಮಲ್, ನಡುವೆ ದಪ್ಪ ಫ್ಲೀಸ್ ಅಥವಾ ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್. ಕೈಗೆ ಬೆರಳು ಬೆರಳಿನ ಗ್ಲೌಸ್‌ಗಿಂತ ಮಿಟನ್ ಮೇಲು. ನಾಲ್ಕು ಬೆರಳೂ ಒಟ್ಟಿಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ.

ಯಾವ ಅಂಗಡಿಯವರೂ ಹೇಳದ ಒಂದು ವಿಷಯ ಒಡವೆಯದು. ಲೋಹ ಬೇಗ ತಣ್ಣಗಾಗುತ್ತದೆ. ಮೈನಸ್ 30ರಲ್ಲಿ ಓಲೆ, ಮೂಗುಬೊಟ್ಟು ಚರ್ಮ ಸುಡುತ್ತವೆ. ನಾನು ನವೆಂಬರ್‌ನಲ್ಲಿ ಜುಮಕಿ ತೆಗೆದಿಟ್ಟು ಸಣ್ಣ ಓಲೆ ಹಾಕಿಕೊಳ್ಳುತ್ತೇನೆ. ಅದರ ಮೇಲೆ ಕಿವಿ ಪೂರ್ತಿ ಮುಚ್ಚುವ ಉಣ್ಣೆ ಟೋಪಿ. ಮೂಗುಬೊಟ್ಟಿನ ಮೇಲೆ ಕುತ್ತಿಗೆಯ ವಾರ್ಮರ್ ಎಳೆದುಕೊಳ್ಳುತ್ತೇನೆ. ಹಬ್ಬಕ್ಕೆ ದೇವಸ್ಥಾನಕ್ಕೆ ಹೋಗುವಾಗ ಸೀರೆಯ ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಬೂಟು, ಮೇಲೆ ಮೊಣಕಾಲಿನ ತನಕ ಬರುವ ಜಾಕೆಟ್. ಒಳಗೆ ಹೋದ ಮೇಲೆ ಬೂಟು ಜಾಕೆಟ್ ಬಿಚ್ಚಿಟ್ಟು ಸೆರಗು ಸರಿ ಮಾಡಿಕೊಂಡರೆ ಆಯಿತು. ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಸಾಲು ಸಾಲು ಬೂಟು, ಒಳಗೆ ಸಾಲು ಸಾಲು ರೇಷ್ಮೆ ಸೀರೆ. ನನಗೆ ಆ ನೋಟ ತುಂಬ ಇಷ್ಟ.

ಕಾರಿಗೂ ಆರೈಕೆ ಬೇಕು. ಇಲ್ಲಿಯ ಕಾರುಗಳ ಮುಂಭಾಗದಲ್ಲಿ ಒಂದು ವಯರು, ಅದರ ತುದಿಗೆ ಪ್ಲಗ್ಗು ನೇತಾಡುತ್ತಿರುತ್ತದೆ. ಪೆಟ್ರೋಲ್ ಕಾರಿಗೂ ಇರುತ್ತದೆ. ಅದು ಬ್ಲಾಕ್ ಹೀಟರ್. ಇಂಜಿನ್ ಒಳಗಿನ ದ್ರವವನ್ನು ಬೆಚ್ಚಗಿಡುತ್ತದೆ. ಇಲ್ಲದಿದ್ದರೆ ಎಣ್ಣೆ ಮಂದವಾಗಿ, ಬ್ಯಾಟರಿ ಸೋತು, ಬೆಳಿಗ್ಗೆ ಇಂಜಿನ್ ತಿರುಗುವುದೇ ಇಲ್ಲ. ರಾತ್ರಿಯಿಡೀ ಪ್ಲಗ್ ಹಾಕಿಡಬೇಕಿಲ್ಲ. ಟೈಮರ್ ಇಟ್ಟು ಹೊರಡುವ ನಾಲ್ಕು ಗಂಟೆ ಮೊದಲು ಶುರುವಾಗುವಂತೆ ಮಾಡಿದರೆ ಸಾಕು, ಬಿಲ್ಲೂ ಕಡಿಮೆ. ಮೈನಸ್ 35ರಲ್ಲಿ ರಾತ್ರಿ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಮೊದಲ ಒಂದೆರಡು ಕಿಲೋಮೀಟರ್ ಧಡ್ ಧಡ್ ಎಂದು ಕುಕ್ಕುತ್ತಾ ಹೋಗುತ್ತದೆ, ಬಿಸಿಯಾದ ಮೇಲೆ ಸರಿಯಾಗುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ನಾವು ಬಿಡುವುದಿಲ್ಲ. ಡಿಕ್ಕಿಯಲ್ಲಿ ಕಂಬಳಿ, ಮೇಣದಬತ್ತಿ, ಬೆಂಕಿಪೊಟ್ಟಣ, ಸಣ್ಣ ಸಲಿಕೆ, ಬೂಸ್ಟರ್ ಕೇಬಲ್, ಒಂದು ಡಬ್ಬಿ ಚಿಕ್ಕಿ ಇರಲೇಬೇಕು. ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ಇವೇ ಕಾಯುವುದು.

ಈ ಊರಿನ ಜನರ ಬಗ್ಗೆ ಇಲ್ಲೇ ಹೇಳಬೇಕು. ಹಿಮದಲ್ಲಿ ಚಕ್ರ ಹೂತು ಕಾರು ನಿಂತರೆ, ಹಿಂದೆ ಬಂದವರು ಹಾರ್ನ್ ಹೊಡೆಯುವುದಿಲ್ಲ. ಇಳಿದು ಬಂದು ತಳ್ಳುತ್ತಾರೆ. ಹಿಂದೆ ಮುಂದೆ ಜೋಕಾಲಿಯಾಡಿಸಿ, ಚಕ್ರದ ಕೆಳಗೆ ಕಾರಿನ ಮ್ಯಾಟ್ ಹಾಸಿ, ಹೊರಗೆ ತಂದು, ಕೈಯೆತ್ತಿ ಹೊರಟುಬಿಡುತ್ತಾರೆ. ಹೆಸರು ಕೂಡ ಗೊತ್ತಾಗುವುದಿಲ್ಲ. ನಮ್ಮ ಪ್ರಾಂತ್ಯ ಮ್ಯಾನಿಟೋಬಾದ ನಂಬರ್ ಪ್ಲೇಟಿನ ಮೇಲೆ ‘ಫ್ರೆಂಡ್ಲಿ ಮ್ಯಾನಿಟೋಬಾ’ ಎಂದು ಬರೆದಿರುತ್ತದೆ. ಚಳಿಗಾಲದಲ್ಲಿ ಅದು ಸತ್ಯ. ನಮ್ಮ ಎದುರುಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರ ಮನೆ ಮುಂದಿನ ಹಿಮವನ್ನು ನಮ್ಮವರು ಮತ್ತು ಪಕ್ಕದ ಮನೆಯ ಹುಡುಗ ಸರದಿ ಪ್ರಕಾರ ತೆಗೆಯುತ್ತಾರೆ. ಇದನ್ನು ಯಾರೂ ಕೂತು ಮಾತಾಡಿ ಗೊತ್ತು ಮಾಡಿಕೊಂಡಿದ್ದಲ್ಲ, ತಾನಾಗಿ ಆಯಿತು.

ಅದೇ ಅಜ್ಜಿಯಿಂದ ಕಲಿತದ್ದು ಒಂದು ರಾತ್ರಿ ನಮ್ಮನ್ನು ಕಾಪಾಡಿತು. ನಡುರಾತ್ರಿ ಮಗಳು ಎದ್ದು ಬಂದು “ಅಮ್ಮಾ, ಚಳಿ” ಅಂದಳು. ಥರ್ಮೋಸ್ಟಾಟ್ ನೋಡಿದರೆ 21 ಇರಬೇಕಾದ ಕಡೆ 15. ಫರ್ನೇಸ್ ಸದ್ದೇ ಇಲ್ಲ. ಹೊರಗೆ ಮೈನಸ್ 34. ಇಂಥ ರಾತ್ರಿ ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಮನೆ ತಣ್ಣಗಾದರೆ ಗೋಡೆಯೊಳಗಿನ ನೀರಿನ ಪೈಪುಗಳು ಒಡೆಯುತ್ತವೆ. ಈಗಿನ ಫರ್ನೇಸ್‌ಗಳು ಗಾಳಿ ಎಳೆದುಕೊಳ್ಳುವುದು, ಹೊಗೆ ಬಿಡುವುದು ಗೋಡೆಯಿಂದ ಹೊರಗೆ ಚಾಚಿದ ಬಿಳಿ ಪ್ಲಾಸ್ಟಿಕ್ ಪೈಪುಗಳಲ್ಲಿ. “ಅದು ನಿಂತರೆ ಮೊದಲು ಹೊರಗೆ ಹೋಗಿ ಆ ಪೈಪು ನೋಡಿ” ಎಂದು ಅಜ್ಜಿ ಹೇಳಿದ್ದರು. ನಮ್ಮವರು ಟಾರ್ಚ್ ಹಿಡಿದು ಹೋಗಿ ನೋಡಿದರೆ ಪೈಪಿನ ಬಾಯಿಗೆ ದಪ್ಪ ಮಂಜು ಕಟ್ಟಿತ್ತು, ಕೆಳಗಿನಿಂದ ಹಿಮದ ರಾಶಿಯೂ ಮುಟ್ಟುವಷ್ಟು ಬೆಳೆದಿತ್ತು. ಅದನ್ನು ಬಿಡಿಸಿ, ಫರ್ನೇಸ್ ಆರಿಸಿ ಮತ್ತೆ ಹಾಕಿದಾಗ ಸ್ವಲ್ಪ ಹೊತ್ತಿಗೆ ಗುರ್ ಎಂದು ಶುರುವಾಯಿತು. ಈಗ ಪ್ರತಿ ಸಲ ಹಿಮ ಬಿದ್ದ ಮೇಲೆ ಆ ಪೈಪಿನ ಸುತ್ತ ತೆರವು ಮಾಡುತ್ತೇವೆ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಸೇರಿದರೆ ಕೂಗುವ ಅಲಾರಂ ಇದೆ. ಅದಿಲ್ಲದೆ ಇಲ್ಲಿ ಮಲಗಬಾರದು.

ಒಳಗಿನ ಗಾಳಿ ವಿಪರೀತ ಒಣ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಇರುವುದೇ ಕಡಿಮೆ. ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಇನ್ನೂ ಒಣಗುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಮಕ್ಕಳ ಮೂಗಿನಿಂದ ರಕ್ತ ಬರುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇಟ್ಟರೂ ತುಂಬ ಜಾಸ್ತಿ ಮಾಡುವಂತಿಲ್ಲ. ಮಾಡಿದರೆ ಕಿಟಕಿಯ ಒಳಗಡೆ ಐಸ್ ಕಟ್ಟಿ, ಕರಗಿ, ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಜೋರು ಚಳಿಯಲ್ಲಿ ಒಳಗಿನ ತೇವಾಂಶ ಶೇ. 30ಕ್ಕಿಂತ ಕಡಿಮೆ ಇದ್ದರೆ ಸಾಕು. ಇದಕ್ಕೆಲ್ಲ ನನ್ನ ಉತ್ತರ ಭಾನುವಾರದ ಎಣ್ಣೆಸ್ನಾನ. ಕೊಬ್ಬರಿ ಎಣ್ಣೆ ಇಲ್ಲಿ ನವೆಂಬರ್‌ನಿಂದ ಏಪ್ರಿಲ್ ತನಕ ಗಟ್ಟಿಯಾಗೇ ಇರುತ್ತದೆ. ಬಾಟಲಿ ಬೇಡ, ಅಗಲ ಬಾಯಿಯ ಡಬ್ಬಿಯದು ತಗೊಳ್ಳಿ. ಬಿಸಿ ನೀರಿನಲ್ಲಿಟ್ಟು ಕರಗಿಸಿ ತಲೆಯಿಂದ ಕಾಲಿನ ತನಕ ತಿಕ್ಕಿ, ಅರ್ಧ ಗಂಟೆ ಬಿಟ್ಟು ಸ್ನಾನ ಮಾಡಿದರೆ ವಾರವಿಡೀ ಚರ್ಮ ಸಮಾಧಾನವಾಗಿರುತ್ತದೆ.

ಅಡುಗೆಮನೆಯೂ ಬದಲಾಗುತ್ತದೆ. ದೋಸೆ ಹಿಟ್ಟು ಕೌಂಟರಿನ ಮೇಲಿಟ್ಟರೆ ಎರಡು ದಿನವಾದರೂ ಹುಳಿ ಬರುವುದಿಲ್ಲ. ಇಲ್ಲಿಯ ಎಲ್ಲ ಕನ್ನಡದ ಮನೆಗಳೂ ಮಾಡುವುದು ಒಂದೇ: ಓವನ್ ಆನ್ ಮಾಡದೆ ಒಳಗಿನ ದೀಪ ಮಾತ್ರ ಹಾಕಿ, ಹಿಟ್ಟಿನ ಪಾತ್ರೆಯನ್ನು ಅದರೊಳಗೆ ಇಡುವುದು. ಆ ದೀಪದ ಬಿಸಿಗೇ ಬೆಳಿಗ್ಗೆ ಹಿಟ್ಟು ಉಬ್ಬಿ ಬಂದಿರುತ್ತದೆ. ಮೊಸರಿಗೂ ಅದೇ ಜಾಗ. ಓವನ್ ಬಾಗಿಲಿಗೆ ‘ಒಳಗೆ ಹಿಟ್ಟಿದೆ’ ಎಂದು ಚೀಟಿ ಅಂಟಿಸುವುದು ಒಳ್ಳೆಯದು. ಮನೆಯಲ್ಲಿ ಪಿಜ್ಜಾ ಬಿಸಿ ಮಾಡುವವರು ಇರುತ್ತಾರಲ್ಲ. ವಾರಕ್ಕೊಮ್ಮೆ ಹುರುಳಿ ಸಾರು, ಶೀತ ಅನಿಸಿದರೆ ಕಾಳುಮೆಣಸಿನ ಸಾರು, ಸಂಜೆ ಎಲ್ಲರಿಗೂ ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು, ಒಣಶುಂಠಿ ಹುರಿದು ಮಾಡಿದ ಪುಡಿಯನ್ನು ಅಮ್ಮ ಪ್ರತಿ ವರ್ಷ ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತಾಳೆ. ಕೆಲಸ ಮುಗಿಸಿ ಕತ್ತಲಲ್ಲಿ ಮನೆಗೆ ಬಂದಾಗ ಆ ಕಷಾಯದ ಪರಿಮಳ ಇದ್ದರೆ ದಿನ ಮುಗಿಯಿತು ಎಂದು ಮನಸ್ಸಿಗೆ ಅನಿಸುತ್ತದೆ.

ಕತ್ತಲು. ನನ್ನ ಮಟ್ಟಿಗೆ ಚಳಿಗಿಂತ ಕಠಿಣವಾದದ್ದು ಇದೇ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮರುದಿನ ಸಂಜೆ ಐದರ ಹೊತ್ತಿಗೇ ಸೂರ್ಯ ಇರುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ಬೆಳಿಗ್ಗೆ 8:20 ದಾಟಿದ ಮೇಲೆ ಸೂರ್ಯೋದಯ, ಸಂಜೆ 4:30ಕ್ಕೆ ಸೂರ್ಯಾಸ್ತ. ಕಚೇರಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಎರಡನೇ ಚಳಿಗಾಲದ ಫೆಬ್ರವರಿಯಲ್ಲಿ ನನಗೆ ಬೆಳಿಗ್ಗೆ ಏಳುವುದೇ ಆಗುತ್ತಿರಲಿಲ್ಲ. ಅಳು ಬರುತ್ತಿತ್ತು, ಕಾರಣ ಇರಲಿಲ್ಲ. ಅನ್ನ, ಸಿಹಿ, ನಿದ್ದೆ, ಇಷ್ಟೇ ಬೇಕು ಅನಿಸುತ್ತಿತ್ತು. ಡಾಕ್ಟರಿಗೆ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಬೆಳಕು ಕಡಿಮೆಯಾದಾಗ ಬರುವ ಈ ಖಿನ್ನತೆಯನ್ನು ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರ ವೈದ್ಯರು 1984ರಲ್ಲಿ ಹೆಸರಿಟ್ಟು ವಿವರಿಸಿದ್ದಾರೆ. ಅದಕ್ಕೆ ಚಿಕಿತ್ಸೆ ಇದೆ. 10,000 ಲಕ್ಸ್ ಬೆಳಕು ಕೊಡುವ ದೀಪ ತಂದು, ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂತು ಕಾಫಿ ಕುಡಿಯಲು ಹೇಳಿದರು. ನೇರ ಅದನ್ನೇ ನೋಡಬಾರದು, ಪಕ್ಕದಲ್ಲಿದ್ದರೆ ಸಾಕು. ಚಳಿಗಾಲದ ಸೂರ್ಯ ಇಲ್ಲಿ ತೀರ ಕೆಳಗಿರುವುದರಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ, ಅದರ ಮಾತ್ರೆಯನ್ನೂ ಶುರು ಮಾಡಿಸಿದರು. ನಮ್ಮವರಲ್ಲಿ ಇದನ್ನು ಹೇಳಿಕೊಳ್ಳಲು ಸಂಕೋಚ. ‘ಸುಮ್ನೆ ಮನೆ ನೆನಪು, ಸರಿಹೋಗುತ್ತೆ’ ಎಂದು ತಳ್ಳಿಹಾಕುತ್ತಾರೆ. ದಯವಿಟ್ಟು ತಳ್ಳಿಹಾಕಬೇಡಿ. ಕಾಲು ಮುರಿದರೆ ಡಾಕ್ಟರ ಹತ್ತಿರ ಹೋಗುತ್ತೀರಿ ಅಲ್ವಾ? ಇದಕ್ಕೂ ಹೋಗಿ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ದಿನಾ ಹೊರಗೆ ಹೋಗಿ. ಅಮ್ಮನ ಮಾತಿಗೆ ಪೂರ್ತಿ ವಿರುದ್ಧ. ಅಂದಿನಿಂದ ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ನಡೆಯುತ್ತೇನೆ. ವಿಪರೀತ ಚಳಿಯ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಮಾತ್ರ ಇಲ್ಲ. ನನ್ನ ಕಚೇರಿ ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಕೂಡುವ ಜಾಗದ ಹತ್ತಿರ. ಗಾಳಿಗೆ ಹೆಸರಾದ ಮೂಲೆ ಅದು. 1979ರಿಂದ ಅಲ್ಲಿ ಮೇಲೆ ರಸ್ತೆ ದಾಟಲು ಬಿಡುತ್ತಿರಲಿಲ್ಲ, ನೆಲದಡಿಯ ದಾರಿಯಲ್ಲೇ ಹೋಗಬೇಕಿತ್ತು. 2025ರ ಜೂನ್‌ನಲ್ಲಿ ಮತ್ತೆ ನಡೆಯುವವರಿಗೆ ಬಿಟ್ಟರು. ಗಾಳಿ ಮುಖಕ್ಕೆ ಹೊಡೆದರೂ ಮೇಲೆ ಬೆಳಕಲ್ಲಿ ದಾಟುವುದೇ ನನಗೆ ಖುಷಿ. ಹೊರಗೆ ಹೋಗಲೇಬಾರದು ಅನ್ನುವಂಥ ದಿನ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳಿವೆ. ಅವುಗಳಲ್ಲೇ ಸುತ್ತುತ್ತೇನೆ. ತುಂಬ ಚಳಿಯ ಹಗಲಿನಲ್ಲಿ ಕೆಲವೊಮ್ಮೆ ಸೂರ್ಯನ ಎರಡೂ ಪಕ್ಕ ಇನ್ನೆರಡು ಸೂರ್ಯರಿದ್ದ ಹಾಗೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಗಾಳಿಯಲ್ಲಿ ತೇಲುವ ಐಸ್ ಹರಳುಗಳಲ್ಲಿ ಬೆಳಕು ಬಾಗಿ ಹಾಗಾಗುತ್ತದೆ. ಮೊದಲ ಸಲ ನೋಡಿದಾಗ ಕೈ ಮುಗಿದೆ.

ಉದ್ದದ ಚಳಿಗಾಲವನ್ನು ತುಂಡು ತುಂಡು ಮಾಡಿಕೊಳ್ಳಬೇಕು. ನಮಗೆ ಅದನ್ನು ಮಾಡಿಕೊಡುವುದು ಪಂಚಾಂಗ. ದೀಪಾವಳಿಗೆ ಹೆಚ್ಚುಕಡಿಮೆ ಮೊದಲ ಹಿಮ. ಸಂಕ್ರಾಂತಿ ಬರುವುದು ವರ್ಷದ ಅತಿ ಚಳಿಯ ವಾರಗಳಲ್ಲಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಮೈಗೆ ಯಾಕೆ ಬೇಕು ಎಂದು ನನಗೆ ಅರ್ಥವಾಗಿದ್ದು ಊರಿನಲ್ಲಲ್ಲ, ಮೈನಸ್ 30ರಲ್ಲಿ ಮನೆಯಿಂದ ಮನೆಗೆ ಎಳ್ಳು ಬೀರಲು ಹೋದಾಗ. ಹಾಸನದ ಅಕ್ಕ ಕೊಬ್ಬರಿ ಹೆಚ್ಚಲು ಒಂದು ವಾರ ಮೊದಲೇ ನಮ್ಮನ್ನೆಲ್ಲ ಸೇರಿಸುತ್ತಾರೆ. ಆ ಸಂಜೆ ಸಿಗುವ ಮಾತು, ನಗು ಜನವರಿಯನ್ನು ದಾಟಿಸುತ್ತದೆ. ರಥಸಪ್ತಮಿಯ ಹೊತ್ತಿಗೆ ಹಗಲು ದಿನಕ್ಕೆ ಮೂರು ನಿಮಿಷದಷ್ಟು ಬೆಳೆಯುತ್ತಿರುತ್ತದೆ. ಅವತ್ತು ನಾವು ಕೆಲವರು ಸೇರಿ ಸೂರ್ಯನಮಸ್ಕಾರ ಮಾಡುತ್ತೇವೆ. ಊರಿನಲ್ಲಿ ಸೂರ್ಯನಿಗೆ ಇಷ್ಟು ಮನಸ್ಸಿಟ್ಟು ನಮಸ್ಕಾರ ಮಾಡಿದ ನೆನಪು ನನಗಿಲ್ಲ.

ಈ ಊರಿನ ಹಬ್ಬಗಳೂ ನಮ್ಮವಾಗಿವೆ. ರೆಡ್ ಮತ್ತು ಅಸಿನಿಬೋಯ್ನ್ ನದಿಗಳು ಕೂಡುವ ಫೋರ್ಕ್ಸ್ ಎಂಬಲ್ಲಿ, ನದಿ ಗಟ್ಟಿಯಾದ ಮೇಲೆ ಅದರ ಮೇಲೇ ಸ್ಕೇಟಿಂಗ್ ದಾರಿ ಮಾಡುತ್ತಾರೆ. ದಾರಿಯ ಪಕ್ಕ ಪ್ರತಿ ವರ್ಷ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸದ ವಾರ್ಮಿಂಗ್ ಹಟ್‌ಗಳು, ಚಳಿ ಬಿಡಿಸಿಕೊಳ್ಳುವ ಪುಟ್ಟ ಗೂಡುಗಳು, ಏಳುತ್ತವೆ. ನಮ್ಮ ಕಡೆಯವರು ತುಂಗೆಯಲ್ಲಿ ಈಜು ಕಲಿತರೆ ನನ್ನ ಮಗಳು ರೆಡ್ ನದಿಯ ಮೇಲೆ ಜಾರುವುದು ಕಲಿತಳು. 2024ರಲ್ಲಿ ಚಳಿಯೇ ಸರಿಯಾಗಿ ಬರಲಿಲ್ಲ, ದಾರಿ ಕೆಲವೇ ದಿನ ತೆರೆದಿತ್ತು. ಆ ವರ್ಷ ಮಗಳ ಜೊತೆ ನಾನೂ ಮೈನಸ್ 20 ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ಫೆಬ್ರವರಿಯಲ್ಲಿ ಊರಿನ ಫ್ರೆಂಚ್ ಮಾತಾಡುವವರ ಬಡಾವಣೆ ಸೇಂಟ್ ಬೋನಿಫೇಸ್‌ನಲ್ಲಿ ಫೆಸ್ಟಿವಲ್ ಡು ವಾಯೇಜರ್ ಎಂಬ ಚಳಿಗಾಲದ ಹಬ್ಬ. ಹಿಮದಲ್ಲಿ ಕೆತ್ತಿದ ದೊಡ್ಡ ಶಿಲ್ಪಗಳು, ಪಿಟೀಲು, ಕುದಿಸಿದ ಮೇಪಲ್ ಪಾಕವನ್ನು ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ಕೊಡುವ ಸಿಹಿ.

ಇಷ್ಟಾದರೂ ಹಸಿರು ಬೇಕೇ ಬೇಕು ಅನಿಸುವ ದಿನ ಬರುತ್ತದೆ. ಆಗ ಅಸಿನಿಬೋಯ್ನ್ ಪಾರ್ಕಿನ ‘ದಿ ಲೀಫ್’ಗೆ ಹೋಗುತ್ತೇನೆ. 2022ರ ಡಿಸೆಂಬರ್‌ನಲ್ಲಿ ತೆರೆದ ಗಾಜಿನ ಸಸ್ಯತೋಟ ಅದು. ಉಷ್ಣವಲಯದ ಭಾಗದ ಬಾಗಿಲು ತೆಗೆದ ಕೂಡಲೇ ಕನ್ನಡಕ ಮಂಜಾಗುತ್ತದೆ. ಒದ್ದೆ ಮಣ್ಣಿನ ವಾಸನೆ, ಅಗಲ ಎಲೆಗಳು, ಒಳಗೇ ಧುಮುಕುವ ಜಲಪಾತ. ಹೊರಗೆ ಮೈನಸ್ 25, ಒಳಗೆ ಆಷಾಢ. ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತು ಉಸಿರಾಡುತ್ತೇನೆ. ಟಿಕೆಟ್ ಸ್ವಲ್ಪ ದುಬಾರಿ, ಆದರೆ ನನಗೆ ಅದು ಔಷಧಿಯ ಖರ್ಚು.

ಆಮೇಲೆ ಶಿವರಾತ್ರಿ. ಊರಿನಲ್ಲಿ ‘ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ’ ಅನ್ನುತ್ತಾರೆ. ಇಲ್ಲಿ ಓಡಿಹೋಗುವುದಿಲ್ಲ. ಜನರು ಸೋಲುವುದು ಇಲ್ಲೇ, ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ. ಜನವರಿಯ ಚಳಿಗೆ ಮನಸ್ಸು ತಯಾರಾಗಿರುತ್ತದೆ. ಮಾರ್ಚಿನ ಚಳಿಗೆ ಇರುವುದಿಲ್ಲ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ನೀರು ರಸ್ತೆಯನ್ನು ಕನ್ನಡಿ ಮಾಡುತ್ತದೆ. ಅತಿ ಹೆಚ್ಚು ಜನ ಬೀಳುವುದನ್ನು ನಾನು ನೋಡಿದ್ದು ಆಗಲೇ. ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು, ಸಣ್ಣ ಹೆಜ್ಜೆ ಇಟ್ಟು, ಕೈ ಜೇಬಿನಿಂದ ಹೊರಗಿಟ್ಟು ನಡೆಯಿರಿ. ಈ ಎರಡು ತಿಂಗಳಿಗಾಗಿಯೇ ನಮ್ಮ ಕೆಲವು ಮನೆಗಳವರು ಶನಿವಾರದ ಊಟ ಇಟ್ಟುಕೊಂಡಿದ್ದೇವೆ. ಒಂದೊಂದು ವಾರ ಒಂದೊಂದು ಮನೆ. ಬರೀ ಅನ್ನ, ಸಾರು, ಪಲ್ಯ. ವಿಶೇಷ ಅಡುಗೆ ಮಾಡಬಾರದು ಎಂಬುದು ನಿಯಮ, ಇಲ್ಲದಿದ್ದರೆ ಅದೇ ಒಂದು ಹೊರೆಯಾಗುತ್ತದೆ. ಒಬ್ಬರೇ ಇರುವ ವಿದ್ಯಾರ್ಥಿಗಳನ್ನು ತಪ್ಪದೆ ಕರೆಯುತ್ತೇವೆ. ಜನವರಿ ಸೆಮಿಸ್ಟರಿಗೆ ಬರುವ ಹುಡುಗರು ನೇರ ಮೈನಸ್ 25ಕ್ಕೆ ಇಳಿಯುತ್ತಾರೆ. ಅವರಿಗೆ ಹೇಳುವುದಿಷ್ಟು: ಊರಿನಿಂದ ದೊಡ್ಡ ಜಾಕೆಟ್ ಹೊತ್ತು ತರಬೇಡಿ. ವಿಮಾನ ನಿಲ್ದಾಣದಿಂದ ಮನೆಗೆ ಬರುವಷ್ಟಕ್ಕೆ ಥರ್ಮಲ್, ಉಣ್ಣೆ ಟೋಪಿ, ಸ್ವೆಟರ್ ಇರಲಿ. ಬೂಟು ಜಾಕೆಟ್ ಇಲ್ಲಿ ಬಂದು, ಗೊತ್ತಿರುವವರನ್ನು ಕರೆದುಕೊಂಡು ಹೋಗಿ ಕೊಳ್ಳಿ. ಹಳೆ ಬಟ್ಟೆಯ ಅಂಗಡಿಗಳಲ್ಲೂ ಒಳ್ಳೆಯವು ಸಿಗುತ್ತವೆ. ಆ ಸೂಟ್‌ಕೇಸ್ ಜಾಗದಲ್ಲಿ ಸಾರಿನಪುಡಿ ತುಂಬಿ.

ಯುಗಾದಿಗೆ ಬೇವು ಸಿಗುವುದಿಲ್ಲ, ಮಾವಿನೆಲೆ ಹುಡುಕಬೇಕು, ಅಂಗಳದಲ್ಲಿ ಬೂದು ಬಣ್ಣದ ಹಳೆಯ ಹಿಮ ಇನ್ನೂ ಇರುತ್ತದೆ. ಆದರೂ ಅವತ್ತು ಅಡುಗೆಮನೆಯ ಕಿಟಕಿಯಲ್ಲಿ ಸಣ್ಣ ಕುಂಡಗಳಿಗೆ ಟೊಮೆಟೊ, ಬದನೆ, ಮೆಣಸಿನ ಬೀಜ ಹಾಕುತ್ತೇನೆ. ಗಿಡ ಹೊರಗೆ ನೆಡುವುದು ಮೇ ಕೊನೆಗೆ, ವಿಕ್ಟೋರಿಯಾ ಡೇ ರಜೆ ಕಳೆದ ಮೇಲೆ. ಅದಕ್ಕೆ ಮೊದಲು ನೆಟ್ಟರೆ ಒಂದೇ ರಾತ್ರಿಯ ಮಂಜಿಗೆ ಎಲ್ಲ ಹೋಗುತ್ತದೆ. ಮೆಂತ್ಯ, ಹರಿವೆ ನೇರ ಮಣ್ಣಿಗೇ ಬಿತ್ತುತ್ತೇನೆ, ಬೇಸಿಗೆಯ ಹದಿನಾರು ಗಂಟೆಯ ಹಗಲಿಗೆ ಎರಡೂ ಬೇಗ ಮೇಲೇಳುತ್ತವೆ. ಸೆಪ್ಟೆಂಬರ್ ಮಧ್ಯದೊಳಗೆ ಕೊಯ್ದು, ತೊಳೆದು, ಹೆಚ್ಚಿ, ಬಿಸಿ ನೀರಲ್ಲಿ ಅದ್ದಿ ತೆಗೆದು, ಒಂದೊಂದು ಹೊತ್ತಿಗೆ ಆಗುವಷ್ಟು ಚೀಲ ಕಟ್ಟಿ ಫ್ರೀಜರಿಗೆ ಹಾಕಿದರೆ ಮಾರ್ಚಿನ ತನಕ ಸೊಪ್ಪಿನ ಹುಳಿಗೆ ಸಾಲುತ್ತದೆ.